ಬಿಳಿ ಸರಸ್ವತಿಯ ತವರು ಯಾವುದು?

ದಸರಾ ಮುಗಿದು ಬೊಂಬೆ ಎತ್ತಿಡುವ ವಾರ ಬಂತೆಂದರೆ ಈ ಅಂಕಣಕ್ಕೆ ಸುಗ್ಗಿ. ಒಂಬತ್ತು ದಿನ ಮೆಟ್ಟಿಲ ಮೇಲೆ ಮುಖ ತೋರಿಸಿಕೊಂಡು ಕೂತಿದ್ದನ್ನು ಹಳೇ ಪಂಚೆಯಲ್ಲಿ ಸುತ್ತಿ ಟ್ರಂಕಿಗೆ ಇಳಿಸುವಾಗಲೇ ನಮ್ಮ ಜನ ಅದನ್ನು ಮಗುಚಿ ನೋಡುವುದು. ತಳದಲ್ಲಿ ಏನೋ ಬರೆದಿದೆ, ಇದೇನು ಸಾರ್, ಎಷ್ಟು ಹಳೆಯದು, ಮಾರಿದರೆ ಎಷ್ಟು ಬರುತ್ತೆ, ಮೂರೂ ಪ್ರಶ್ನೆ ಒಂದೇ ಉಸಿರಿಗೆ. ಮೂರನೆಯದಕ್ಕೆ ನಾನು ಉತ್ತರ ಕೊಡುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಈ ಸಲ ಚನ್ನಪಟ್ಟಣ, ಕೊಂಡಪಲ್ಲಿಯ ಮರದ ಬೊಂಬೆಗಳನ್ನು ಪಕ್ಕಕ್ಕಿಟ್ಟು ಬರೀ ಪಿಂಗಾಣಿ ಮತ್ತು ಸುಟ್ಟ ಮಣ್ಣಿನ ಮೂರ್ತಿಗಳನ್ನು ಆರಿಸಿದ್ದೇನೆ. ಅದರಲ್ಲೂ ಸಮುದ್ರ ದಾಟಿ ಬಂದು ಮೈಸೂರು, ಮಂಡ್ಯದ ಅಟ್ಟಗಳನ್ನು ಸೇರಿದವು.

ಪ್ರಶ್ನೆ: ನಮ್ಮ ಅತ್ತೆಯ ಟ್ರಂಕಿನಲ್ಲಿ ಒಂದು ಬಿಳಿ ಪಿಂಗಾಣಿ ಮೂರ್ತಿ ಇದೆ. ಒಂದು ಗೇಣು ಎತ್ತರ. ತಾವರೆಯ ಮೇಲೆ ಕೂತ ಹೆಂಗಸು, ತಲೆ ಮೇಲೆ ಸೆರಗು ಹೊದ್ದ ಹಾಗಿದೆ. ಮನೆಯಲ್ಲಿ ‘ಬಿಳಿ ಸರಸ್ವತಿ’ ಅಂತಲೇ ಕರೆಯುವುದು. ಸರಸ್ವತಿ ಪೂಜೆಯ ದಿನ ಪುಸ್ತಕಗಳ ಜೊತೆ ಅವಳಿಗೂ ಹೂ ಏರಿಸುತ್ತೇವೆ. ವೀಣೆ ಇಲ್ಲ, ಯಾವಾಗಲೋ ಮುರಿದಿರಬೇಕು ಎಂದು ಅತ್ತೆ ಹೇಳುತ್ತಿದ್ದರು. ಈ ಸಲ ತಂಗಿಯ ಮಗ ಫೋನಿನಲ್ಲಿ ಹುಡುಕಿ, ಇದು ಚೈನಾದ್ದು, 300 ವರ್ಷ ಹಳೆಯದು, ಲಕ್ಷಗಟ್ಟಲೆ ಬೆಲೆ ಎಂದುಬಿಟ್ಟ. ಬೆನ್ನಿನಲ್ಲಿ ಸಣ್ಣ ಚೌಕದ ಮುದ್ರೆ ಇದೆ. ಈಗ ಮನೆಯಲ್ಲಿ ಯಾರೂ ಅದನ್ನು ಮುಟ್ಟಲು ಬಿಡುತ್ತಿಲ್ಲ. ನಿಜ ಏನು? (ಗೃಹಿಣಿ, ಚಾಮರಾಜಪುರಂ, ಮೈಸೂರು)

ಉತ್ತರ: ಹುಡುಗ ಹೇಳಿದ್ದರಲ್ಲಿ ಅರ್ಧ ಸರಿ. ಮೂರ್ತಿ ಚೈನಾದ್ದೇ. ಅವಳ ಹೆಸರು ಗ್ವಾನ್‌ಯಿನ್, ಕರುಣೆಯ ದೇವತೆ. ವೀಣೆ ಮುರಿದಿಲ್ಲಮ್ಮಾ, ಇರಲೇ ಇಲ್ಲ.

ಆದರೆ ನಿಮ್ಮ ಅತ್ತೆಯವರು ತೀರಾ ತಪ್ಪಿದರು ಎನ್ನುವ ಹಾಗೂ ಇಲ್ಲ. ಗ್ವಾನ್‌ಯಿನ್ ಎಂದರೆ ನಮ್ಮ ಬೌದ್ಧರ ಅವಲೋಕಿತೇಶ್ವರ. ಇಲ್ಲಿಂದ ಗಂಡಾಗಿ ಹೋದವನು ಚೈನಾದಲ್ಲಿ ಕೆಲವು ಶತಮಾನ ಇದ್ದು ಹೆಣ್ಣಾದ. ಅದೇ ದೇವತೆ ಜಪಾನಿನಲ್ಲಿ ಕನ್ನೊನ್. ಕ್ಯಾನನ್ ಕ್ಯಾಮೆರಾ ಇದೆಯಲ್ಲ, ಆ ಕಂಪನಿ 1934ರಲ್ಲಿ ಮಾಡಿದ ಮೊದಲ ಮಾದರಿಗೆ ಇವಳದೇ ಹೆಸರಿಟ್ಟಿತ್ತು. ಜಪಾನಿನಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಇದ್ದಾಗ ಕದ್ದುಮುಚ್ಚಿ ಪ್ರಾರ್ಥಿಸುತ್ತಿದ್ದವರು ಇದೇ ಬಿಳಿ ಮೂರ್ತಿಯನ್ನು ಮೇರಿಯಮ್ಮ ಎಂದುಕೊಂಡು ಪೂಜಿಸಿದರು. ಅಲ್ಲಿ ಮೇರಿಯಾದವಳು ಚಾಮರಾಜಪುರಂನಲ್ಲಿ ಸರಸ್ವತಿಯಾದಳು, ಅಷ್ಟೇ.

ಇನ್ನು ಊರು. ಬಣ್ಣವೇ ಹಚ್ಚದ ಇಂಥ ಬಿಳಿ ಮೂರ್ತಿಗಳಿಗೆ ಹೆಸರಾದ ಜಾಗ ಫುಜಿಯಾನ್ ಪ್ರಾಂತ್ಯದ ದೆಹುವಾ. ಅಲ್ಲಿನ ಮಣ್ಣಿನಲ್ಲಿ ಕಬ್ಬಿಣದ ಅಂಶ ತುಂಬಾ ಕಡಿಮೆ, ಅದಕ್ಕೇ ಸುಟ್ಟ ಮೇಲೂ ಬೆಳ್ಳಗೆ ಉಳಿಯುತ್ತದೆ. ಮಿಂಗ್ ಅರಸರ ಕೊನೆಗಾಲದಲ್ಲಿ, ಅಂದರೆ 17ನೇ ಶತಮಾನದ ಹೊತ್ತಿಗೆ, ಹೆ ಚಾವೋಜೊಂಗ್ ಎಂಬ ಕುಶಲಕರ್ಮಿ ಅಲ್ಲಿ ಮಾಡಿದ ಗ್ವಾನ್‌ಯಿನ್‌ಗಳು ಜಗತ್ತಿನ ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿವೆ. ನಿಮ್ಮ ಮೂರ್ತಿಯ ಬೆನ್ನಿನ ಚೌಕದ ಮುದ್ರೆಯೂ ಅವನದೇ ಹೆಸರು. ಕುಣಿದಾಡಬೇಡಿ! ಅವನು ಸತ್ತು ಹೋದ ಮೇಲೂ ಮುನ್ನೂರು ವರ್ಷದಿಂದ ದೆಹುವಾದವರು ಆ ಮುದ್ರೆ ಒತ್ತುತ್ತಲೇ ಇದ್ದಾರೆ. ಈಗಲೂ ಒತ್ತುತ್ತಾರೆ. ಮೈಸೂರು ಪೇಟ ಎಂದು ಮಾರುವುದೆಲ್ಲ ಅರಮನೆಯಿಂದ ಬಂದದ್ದಾ?

ಹಾಗಾದರೆ ವಯಸ್ಸು ತಿಳಿಯುವುದು ಹೇಗೆ? ಮುದ್ರೆಯನ್ನು ಮರೆತುಬಿಡಿ. ಮುಖವನ್ನೂ ಮರೆತುಬಿಡಿ, ನಕಲು ಮಾಡುವವನು ಎಲ್ಲಕ್ಕಿಂತ ಜಾಸ್ತಿ ಶ್ರಮ ಹಾಕುವುದು ಮುಖಕ್ಕೇ. ಮೂರ್ತಿಯನ್ನು ಹಾಸಿಗೆ ಮೇಲೆ ಮೆತ್ತಗೆ ಮಲಗಿಸಿ ಹೊಟ್ಟೆಯೊಳಗೆ ಟಾರ್ಚು ಬಿಡಿ. ಹಳೆಯ ಕಾಲದಲ್ಲಿ ಎರಡು ಅಚ್ಚುಗಳ ಒಳಗೆ ಹಸಿ ಮಣ್ಣನ್ನು ಬೆರಳಿನಿಂದ ಒತ್ತಿ ಒತ್ತಿ ತುಂಬಿ, ಆಮೇಲೆ ಎರಡನ್ನೂ ಜೋಡಿಸುತ್ತಿದ್ದರು. ಹಾಗಾಗಿ ಒಳಗೆ ಬೆರಳಿನ ಗುಳಿ ಕಾಣುತ್ತವೆ, ಗೋಡೆ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಎತ್ತಿದರೆ ಕೈಗೆ ಭಾರ. ಈಗಿನ ಕಾರ್ಖಾನೆಯಲ್ಲಿ ಮಣ್ಣನ್ನು ಮಜ್ಜಿಗೆಯಷ್ಟು ನೀರು ಮಾಡಿ ಜಿಪ್ಸಮ್ ಅಚ್ಚಿಗೆ ಸುರಿಯುತ್ತಾರೆ. ಅಚ್ಚು ನೀರು ಹೀರಿಕೊಂಡು ಒಂದು ಪದರ ಗಟ್ಟಿಯಾದ ಮೇಲೆ ಉಳಿದದ್ದನ್ನು ಬಗ್ಗಿಸಿ ಚೆಲ್ಲುತ್ತಾರೆ. ಆಗ ಒಳಗೋಡೆ ನುಣ್ಣಗೆ, ಎಲ್ಲ ಕಡೆ ಒಂದೇ ದಪ್ಪ. ಹೊರಗೆ ಎಲ್ಲಿ ಉಬ್ಬು ಇದೆಯೋ ಒಳಗೆ ಅಲ್ಲಿ ತಗ್ಗು, ದೋಸೆ ಮಡಿಸಿದ ಹಾಗೆ.

ಬಣ್ಣವನ್ನೂ ನೋಡಿ, ಆದರೆ ಟ್ಯೂಬ್‌ಲೈಟ್ ಕೆಳಗೆ ಅಲ್ಲ. ಬೆಳಗಿನ ಬಿಸಿಲಿಗೆ ಒಂದು ತೋಳನ್ನೋ ಸೆರಗಿನ ಅಂಚನ್ನೋ ಅಡ್ಡ ಹಿಡಿಯಿರಿ. ಹಳೆಯ ದೆಹುವಾ ಕೆನೆ ಹಾಲಿನ ಬಣ್ಣಕ್ಕೆ, ಕೆಲವೊಮ್ಮೆ ತುಸು ಗುಲಾಬಿಗೆ ತಿರುಗುತ್ತದೆ. ಕಾಲ ಕಳೆದ ಹಾಗೆ ಅಲ್ಲಿನ ಬಿಳುಪು ತಣ್ಣಗಾಗುತ್ತಾ ನೀಲಿಯ ಕಡೆ ವಾಲಿತು. ಇದೊಂದನ್ನೇ ನಂಬಿ ಕೂರಬಾರದು, ಕೆನೆ ಬಣ್ಣದ ಹೊಸ ನಕಲು ಬೇಕಾದಷ್ಟಿವೆ.

ನೀವು ಕಳಿಸಿದ ಆರು ಫೋಟೋಗಳಲ್ಲಿ ಒಳಭಾಗ ನುಣ್ಣಗಿದೆ, ತಳದಲ್ಲಿ ಬೆರಳು ಹೋಗುವಷ್ಟು ದುಂಡನೆಯ ತೂತು, ಬಿಳುಪು ನೀಲಿ ಛಾಯೆಯದ್ದು. ಸುರಿದು ಮಾಡಿದ ಮೂರ್ತಿ, 20ನೇ ಶತಮಾನದ್ದು. ಫೋನು ಹೇಳಿದ್ದು ಯಾಕೆ ತಪ್ಪಾಯಿತು ಎಂದರೆ, ಅದು ಆಕಾರಕ್ಕೆ ಆಕಾರ ಹೋಲಿಸುತ್ತದೆ. ಮುನ್ನೂರು ವರ್ಷ ಒಂದೇ ಆಕಾರ ಮಾಡಿಕೊಂಡು ಬಂದ ಊರಿನ ವಿಷಯದಲ್ಲಿ ಅದಕ್ಕೆ ಅರ್ಥವಿಲ್ಲ. ಹುಡುಗನಿಗೆ ಬೈಯಬೇಡಿ, ಮಗುಚಿ ನೋಡಿದವನು ಅವನೊಬ್ಬನೇ ಅಲ್ವಾ. ಮುಂದಿನ ವರ್ಷವೂ ಅವಳಿಗೆ ಹೂ ಏರಿಸಿ.

ಪ್ರಶ್ನೆ: ದೋಣಿಯಲ್ಲಿ ಕೂತ ಪುಟ್ಟ ಪುಟ್ಟ ಜಪಾನಿ ಬೊಂಬೆಗಳು. ಏಳು ಕೂರುವ ಗುರುತಿದೆ, ಆರು ಉಳಿದಿವೆ. ಒಬ್ಬನಿಗೆ ಡೊಳ್ಳು ಹೊಟ್ಟೆ, ಒಬ್ಬನ ಕೈಯಲ್ಲಿ ಮೀನು, ಒಬ್ಬನಿಗೆ ರಕ್ಷಾಕವಚ, ಒಬ್ಬ ಸುತ್ತಿಗೆ ಹಿಡಿದಿದ್ದಾನೆ, ಒಬ್ಬನ ತಲೆ ಸೋರೆಕಾಯಿಯಷ್ಟು ಉದ್ದ. ಒಬ್ಬಳೇ ಹೆಂಗಸು, ಯಾವುದೋ ವಾದ್ಯ ಇದೆ. ಇವರು ಯಾರು? ತಳದಲ್ಲಿ ಇಂಗ್ಲಿಷ್‌ನಲ್ಲಿ ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಎಂದಿದೆ. ನಾವು ಇವರನ್ನು ಕೊನೇ ಮೆಟ್ಟಿಲಲ್ಲಿ ಸೆಟ್ಟಿ ಅಂಗಡಿ ಪಕ್ಕ ಇಡುತ್ತೇವೆ. (ನಿವೃತ್ತ ಶಿಕ್ಷಕಿ, ಮೇಲುಕೋಟೆ)

ಉತ್ತರ: ಟೀಚರ್, ನಿಮ್ಮ ಕಾಗದವನ್ನು ಮೊದಲನೆಯದರ ಪಕ್ಕದಲ್ಲೇ ಹಾಕಬೇಕು ಎಂದು ಎತ್ತಿಟ್ಟಿದ್ದೆ. ಚಾಮರಾಜಪುರಂನವರ ಮನೆಯಲ್ಲಿ ಸರಸ್ವತಿಯಲ್ಲದವಳು ಸರಸ್ವತಿಯಾಗಿ ಮೇಲೆ ಕೂತಿದ್ದಾಳೆ. ನಿಮ್ಮ ಮನೆಯಲ್ಲಿ ಅಸಲಿ ಸರಸ್ವತಿ ಸೆಟ್ಟಿ ಅಂಗಡಿ ಪಕ್ಕ ಕೂತಿದ್ದಾಳೆ!

ಇವರು ಜಪಾನಿನ ಏಳು ಅದೃಷ್ಟ ದೇವತೆಗಳು. ಕೂತಿರುವುದು ನಿಧಿಯ ಹಡಗಿನಲ್ಲಿ. ವಾದ್ಯ ಹಿಡಿದವಳು ಬೆಂಜೈತೆನ್, ಅಂದರೆ ಬೌದ್ಧರ ಜೊತೆ ಚೈನಾ ಹಾದು ಜಪಾನಿಗೆ ಹೋದ ನಮ್ಮ ಸರಸ್ವತಿ. ಕೈಯಲ್ಲಿರುವುದು ಬಿವಾ, ಅವರ ವೀಣೆ ಎನ್ನಿ. ಸುತ್ತಿಗೆಯವನು ದೈಕೊಕುತೆನ್. ನಮ್ಮ ಮಹಾಕಾಲ ಅಲ್ಲಿಗೆ ಹೋಗಿ ಅಕ್ಕಿ ಮೂಟೆ ಮೇಲೆ ನಿಂತು ನಗುವ ದೇವರಾದ. ಕವಚ ತೊಟ್ಟವನು ಬಿಷಮೊನ್‌ತೆನ್, ನಮ್ಮ ವೈಶ್ರವಣ, ಕುಬೇರ. ಮೂವರು ನಮ್ಮ ಊರಿನವರು. ಡೊಳ್ಳು ಹೊಟ್ಟೆಯ ಹೊತೆಯಿ ಮತ್ತು ಉದ್ದ ತಲೆಯ ಫುಕುರೊಕುಜು ಚೈನಾದಿಂದ ಹೋದವರು. ಮೀನಿನ ಎಬಿಸು ಒಬ್ಬನೇ ಜಪಾನಿನ ಮಣ್ಣಿನ ಮಗ. ನಿಮ್ಮಲ್ಲಿ ಕಾಣೆಯಾದವನು ಜುರೊಜಿನ್. ಕೋಲು ಹಿಡಿದ ಮುದುಕ, ಪಕ್ಕದಲ್ಲಿ ಜಿಂಕೆ ಇರುತ್ತದೆ. ಅಟ್ಟದಲ್ಲಿ ಜಿಂಕೆ ಸಿಕ್ಕಿದರೆ ಬಿಸಾಡಬೇಡಿ.

ವಯಸ್ಸಿಗೆ ಇಲ್ಲಿ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಸೋತ ಮೇಲೆ ಜಪಾನ್ ಮಿತ್ರಪಡೆಗಳ ಕೈಯಲ್ಲಿದ್ದದ್ದು 1945ರ ಸೆಪ್ಟೆಂಬರಿನಿಂದ 1952ರ ಏಪ್ರಿಲ್ ವರೆಗೆ. ‘ಆಕ್ಯುಪೈಡ್’ ಎಂಬ ಪದ ಆ ಕಾಲದ ರಫ್ತು ಸಾಮಾನಿನ ಮೇಲೆ ಬಿತ್ತು. ಇಷ್ಟು ಇಕ್ಕಟ್ಟಿನ ತಾರೀಕು ಕೊಡುವ ಗುರುತು ಪಿಂಗಾಣಿ ಲೋಕದಲ್ಲಿ ಅಪರೂಪ. ಆದರೆ ಇದನ್ನೂ ನಕಲು ಮಾಡಿದ್ದಾರೆ. ನಕಲಿನಲ್ಲಿ ಅಕ್ಷರ ಮೆರುಗಿನ, ಅಂದರೆ ಮೈಮೇಲಿನ ಗಾಜಿನಂಥ ಲೇಪದ, ಮೇಲೆ ಕೂತಿರುತ್ತದೆ, ಉಗುರು ಬಣ್ಣ ತೆಗೆಯುವ ದ್ರವ ಸೋಕಿಸಿದರೆ ಅಳಿಸಿಹೋಗುತ್ತದೆ. ಅಸಲಿನದು ಮೆರುಗಿನ ಅಡಿಯಲ್ಲಿ ಸೇರಿಕೊಂಡಿರುವುದೇ ಹೆಚ್ಚು. ಹತ್ತಿಯ ತುದಿಯಲ್ಲಿ ಒಂದು ಹನಿ ಸಾಕು, ಅದೂ ತಳದಲ್ಲಿ ಮಾತ್ರ.

ಪ್ರಶ್ನೆ: ನಮ್ಮ ತಾತ ರಂಗೂನಿನಲ್ಲಿ ಕೆಲಸದಲ್ಲಿದ್ದರು. ಯುದ್ಧಕ್ಕೆ ಮೊದಲೇ ಊರಿಗೆ ವಾಪಸ್ ಬರುವಾಗ ಮೂರು ಮುದುಕರ ಬೊಂಬೆ ತಂದರು. ಒಬ್ಬನಿಗೆ ಬೋಳು ತಲೆ, ಹಣೆ ಇಷ್ಟುದ್ದ, ಕೈಯಲ್ಲಿ ಹಣ್ಣು. ಗಡ್ಡದ ಜಾಗದಲ್ಲಿ ಸಣ್ಣ ತೂತುಗಳಿವೆ, ಹುಳ ಕೊರೆದಿದೆಯಾ? ತಳದಲ್ಲಿ ಇಂಗ್ಲಿಷ್‌ನಲ್ಲಿ ‘ಚೈನಾ’ ಎಂದು ಒತ್ತಿದ್ದಾರೆ. ಊರಿನಲ್ಲಿ ಒಬ್ಬರು ಇದು ಟಿಪ್ಪು ಕಾಲದ್ದು ಅಂತಾರೆ. (ರೈತ, ಮದ್ದೂರು ತಾಲೂಕು)

ಉತ್ತರ: ಮಂಡ್ಯ ಜಿಲ್ಲೆಯಲ್ಲಿ ಸ್ವಲ್ಪ ಮಾಸಲಾಗಿ ಕಂಡದ್ದೆಲ್ಲ ಟಿಪ್ಪು ಕಾಲದ್ದೇ, ಏನು ಮಾಡೋಣ! ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಆಗ ಚೈನಾದ ಕುಂಬಾರ ತನ್ನ ಬೊಂಬೆಯ ತಳದಲ್ಲಿ ಇಂಗ್ಲಿಷ್ ಅಕ್ಷರ ಒತ್ತುವ ಕಾರಣವೇ ಇರಲಿಲ್ಲ. ಆ ಕಾರಣ ಹುಟ್ಟಿದ್ದು ಅಮೆರಿಕದ ಸುಂಕದ ಕಾನೂನಿನಿಂದ. 1890ರಲ್ಲಿ ಬಂದ ಆ ಕಾನೂನಿನ ಪ್ರಕಾರ 1891ರಿಂದ ಅಮೆರಿಕಕ್ಕೆ ಬರುವ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಇಂಗ್ಲಿಷ್‌ನಲ್ಲಿ ಇರಲೇಬೇಕಾಯಿತು. ಜಪಾನಿನವರು ಆಗ ತಮ್ಮ ದೇಶಕ್ಕೆ ‘ನಿಪ್ಪಾನ್’ ಎಂದು ಬರೆದರು. 1921ರಲ್ಲಿ ಅಮೆರಿಕದವರು ಇದು ಜಪಾನಿ ಮಾತು, ನಡೆಯುವುದಿಲ್ಲ, ‘ಜಪಾನ್’ ಎಂದೇ ಬರೆಯಿರಿ ಎಂದರು. ಹಾಗಾಗಿ ‘ನಿಪ್ಪಾನ್’ ಎಂದು ಕಂಡರೆ ಸಾಮಾನ್ಯವಾಗಿ 1891ರಿಂದ 1921ರ ನಡುವಿನದು.

ಒಂದು ಎಚ್ಚರಿಕೆ. ಗುರುತು ಇದ್ದರೆ 1891ರ ಈಚೆಗಿನದು ಎನ್ನಬಹುದು. ಗುರುತು ಇಲ್ಲ ಎಂಬ ಮಾತ್ರಕ್ಕೆ ಅದಕ್ಕಿಂತ ಹಿಂದಿನದು ಎನ್ನುವ ಹಾಗಿಲ್ಲ. ಅದು ಅಮೆರಿಕದ ಕಾನೂನು. ರಂಗೂನಿನ ಅಂಗಡಿಗೋ ಮದ್ರಾಸಿನ ಬಂದರಿಗೋ ಬರುವ ಸಾಮಾನಿಗೆ ಅದು ಬೇಕಿರಲಿಲ್ಲ. ಎಷ್ಟೋ ಸಲ ಬರೀ ಕಾಗದದ ಚೀಟಿ ಅಂಟಿಸುತ್ತಿದ್ದರು, ನಮ್ಮ ಅಜ್ಜಿಯರು ಮೊದಲ ದಿನವೇ ನೀರು ಹಾಕಿ ಕಿತ್ತಿರುತ್ತಾರೆ.

ನಿಮ್ಮ ಮೂವರು ಫು, ಲು, ಶೋ. ಸುಖ, ಅಧಿಕಾರ, ಆಯುಷ್ಯ. ಬೋಳು ತಲೆಯವನು ಶೋ, ಕೈಯಲ್ಲಿರುವುದು ಪೀಚ್ ಹಣ್ಣು, ದೀರ್ಘಾಯುಷ್ಯದ ಗುರುತು. ಗಡ್ಡದ ತೂತು ಹುಳದ್ದಲ್ಲ ಅಣ್ಣಾ, ಪಿಂಗಾಣಿಯನ್ನು ಯಾವ ಹುಳ ಕೊರೆಯುತ್ತೆ? ಆ ತೂತುಗಳಿಗೆ ಕೂದಲು ಸಿಕ್ಕಿಸಿ ನಿಜವಾದ ಗಡ್ಡ ಇಡುತ್ತಿದ್ದರು. ಕೂದಲು ಉದುರಿ ತೂತು ಉಳಿದಿದೆ. ನಿಮ್ಮ ತಾತನ ಕಥೆಗೂ ತಳದ ಅಕ್ಷರಕ್ಕೂ ಸರಿಯಾಗಿ ತಾಳೆ ಬೀಳುತ್ತದೆ. ನನಗೆ ಬರುವ ಕಾಗದಗಳಲ್ಲಿ ಹೀಗೆ ಎರಡೂ ಕೂಡುವುದು ಅಪರೂಪ. 20ನೇ ಶತಮಾನದ ಮೊದಲ ಭಾಗದ್ದು ಎಂದು ಧೈರ್ಯವಾಗಿ ಹೇಳಿಕೊಳ್ಳಿ. ತಾತ ಯಾವ ವರ್ಷ ರಂಗೂನಿನಿಂದ ಬಂದರು ಎಂದು ಮನೆಯಲ್ಲಿ ಹಳಬರನ್ನು ಕೇಳಿ ಬರೆದಿಡಿ. ಟಿಪ್ಪುವನ್ನು ಬಿಟ್ಟುಬಿಡಿ.

ಪ್ರಶ್ನೆ: ಸಿಂಹದ ಹಾಗೂ ಕಾಣುವ, ನಾಯಿಯ ಹಾಗೂ ಕಾಣುವ ಒಂದು ಜೋಡಿ. ಒಂದರ ಕಾಲ ಕೆಳಗೆ ಗುಲಾಬಿ ಬಣ್ಣದ ಚೆಂಡು, ಇನ್ನೊಂದರ ಕೆಳಗೆ ಮರಿ. ತಳದಲ್ಲಿ ನೀಲಿಯಲ್ಲಿ ಆರು ಚೀನೀ ಅಕ್ಷರ. ಚೀನೀ ಕಲಿತ ಸ್ನೇಹಿತರು ‘ಮಹಾ ಚಿಂಗ್, ಕಾಂಗ್‌ಷಿ ಆಳ್ವಿಕೆಯಲ್ಲಿ ಮಾಡಿದ್ದು’ ಎಂದು ಓದಿ ಹೇಳಿದರು. ಹಾಗಾದರೆ ಅನುಮಾನವೇ ಇಲ್ಲ ತಾನೇ? (ಬ್ಯಾಂಕ್ ಉದ್ಯೋಗಿ, ಸರಸ್ವತಿಪುರಂ, ಮೈಸೂರು)

ಉತ್ತರ: ಸ್ನೇಹಿತರು ಓದಿದ್ದು ಸರಿ. ಬರೆದವನು ಸುಳ್ಳು ಬರೆದಿದ್ದಾನೆ. ಸುಳ್ಳು ಎನ್ನುವುದೂ ಪೂರ್ತಿ ನ್ಯಾಯವಲ್ಲ. ಹಿಂದಿನ ಒಳ್ಳೆಯ ಕಾಲದ ಅರಸನ ಹೆಸರು ಬರೆಯುವುದು ಚೈನಾದಲ್ಲಿ ಗೌರವದ ರೂಢಿಯೂ ಹೌದು. ಚಿಂಗ್ ವಂಶದ ಅರಸ ಕಾಂಗ್‌ಷಿ ಆಳಿದ್ದು 1662ರಿಂದ 1722. ಅವನ ಕಾಲದ ಕುಂಬಾರರೇ ತಮ್ಮ ಪಾತ್ರೆಗಳ ಮೇಲೆ 15ನೇ ಶತಮಾನದ ಚೆಂಗ್‌ಹುವಾ ಅರಸನ ಹೆಸರು ಬರೆದರು. ಅವರಾದ ಮೇಲೆ ಬಂದವರು, ಮುಖ್ಯವಾಗಿ 1875ರಿಂದ 1908ರ ಗ್ವಾಂಗ್‌ಷು ಕಾಲದವರು, ಕಾಂಗ್‌ಷಿ ಹೆಸರು ಬರೆದರು. ಅದೂ ಅಲ್ಲದೆ ಈ ಆರಕ್ಷರದ ಮುದ್ರೆ ಬಟ್ಟಲು, ತಟ್ಟೆ, ಹೂದಾನಿಗಳಲ್ಲಿ ಮಾಮೂಲಿ, ಬೊಂಬೆಗಳಲ್ಲಿ ಅಷ್ಟಿಲ್ಲ. ಬೊಂಬೆ ಮೇಲೆ ಕಂಡರೆ ನನಗೆ ಮೊದಲು ಅನುಮಾನವೇ ಬರುತ್ತದೆ.

ನಿಮ್ಮ ಜೋಡಿಯ ಗುಟ್ಟು ಬಿಟ್ಟುಕೊಟ್ಟದ್ದು ಗುಲಾಬಿ ಚೆಂಡು. ಹಾಲು ಬೆರೆಸಿದಂಥ ಆ ಗುಲಾಬಿ ಬಣ್ಣ ಚೀನೀ ಪಿಂಗಾಣಿಗೆ ಬಂದದ್ದು 1720ರ ಆಸುಪಾಸಿನಲ್ಲಿ, ಕಾಂಗ್‌ಷಿಯ ಕೊನೆಗಾಲದಲ್ಲಿ. ಬಳಕೆಗೆ ಬಿದ್ದದ್ದು ಅವನ ಮಗನ ಕಾಲದಿಂದ. ಯಾರಾದರೂ ನಿಮಗೆ ಗುಲಾಬಿ ಸೆರಗಿನ ‘ಮಿಂಗ್’ ಬೊಂಬೆ ತೋರಿಸಿದರೆ ಕಾಫಿ ಕುಡಿದು ಎದ್ದು ಬನ್ನಿ.

ಅದು ನಾಯಿಯಲ್ಲ, ಸಿಂಹ. ಚೆಂಡಿನದು ಗಂಡು, ಮರಿಯದು ಹೆಣ್ಣು. ಚೈನಾದಲ್ಲಿ ಸಿಂಹ ಇಲ್ಲ, ಕೇಳಿದ್ದನ್ನು ಮಾಡಿದರು. ನಮ್ಮ ಬೇಲೂರಿನ ಸಿಂಹವೂ ಕಾಡಿನ ಸಿಂಹದ ಹಾಗಿಲ್ಲವಲ್ಲ.

ಪ್ರಶ್ನೆ: ಮೂರು ಬಣ್ಣದ ಮಣ್ಣಿನ ಕುದುರೆಯೊಂದನ್ನು ವ್ಯಾಪಾರಿಯೊಬ್ಬರು ತೋರಿಸಿದ್ದಾರೆ. ಚೈನಾದ ತಾಂಗ್ ಕಾಲದ್ದು, ಸಮಾಧಿಯಿಂದ ಬಂದದ್ದು ಎನ್ನುತ್ತಾರೆ. ಪ್ರಯೋಗಾಲಯದ ಸರ್ಟಿಫಿಕೇಟ್ ಇದೆ. ಮುಂಗಡ ಕೇಳುತ್ತಿದ್ದಾರೆ. ತಗೋಬಹುದಾ? (ಇಂಜಿನಿಯರ್, ಮಂಡ್ಯ)

ಉತ್ತರ: ಮುಂಗಡ ಕೊಡಬೇಡಿ. ಕಾರಣ ಆಮೇಲೆ ಓದಿದರೂ ನಡೆಯುತ್ತೆ.

ತಾಂಗ್ ಅರಸರ ಕಾಲ 618ರಿಂದ 907. ಸತ್ತವರ ಜೊತೆ ಸಮಾಧಿಯಲ್ಲಿಡಲು ಕುದುರೆ, ಒಂಟೆ, ಕಾವಲುಗಾರ, ನರ್ತಕಿ ಎಲ್ಲವನ್ನೂ ಮಣ್ಣಿನಲ್ಲಿ ಮಾಡಿ ಸೀಸದ ಮೆರುಗು ಹಚ್ಚುತ್ತಿದ್ದರು. ಕಂದು ಹಳದಿ, ಹಸಿರು, ಕೆನೆ ಬಿಳಿ. ಮೆರುಗು ಬೇಕಾಬಿಟ್ಟಿ ಇಳಿದು ಕಾಲಿನ ತನಕ ಬಾರದೆ ನಡುವೆಯೇ ನಿಂತಿರುತ್ತದೆ. 20ನೇ ಶತಮಾನದ ಶುರುವಿನಲ್ಲಿ ಲುಯೋಯಾಂಗ್ ಕಡೆ ರೈಲು ಹಳಿಗೆ ನೆಲ ಅಗೆದಾಗ ಇವು ರಾಶಿ ರಾಶಿ ಸಿಕ್ಕವು. ವಿದೇಶದವರು ಮುಗಿಬಿದ್ದರು. ಬೇಡಿಕೆ ಬಂದ ಹಿಂದೆಯೇ ನಕಲೂ ಶುರುವಾಯಿತು. ಅಂದರೆ ನಕಲಿಗೇ ಈಗ ಸುಮಾರು ನೂರು ವರ್ಷ. ಹಳೆಯದು ಎಂಬುದೂ ತಾಂಗ್ ಎಂಬುದೂ ಒಂದೇ ಅಲ್ಲ.

ಸರ್ಟಿಫಿಕೇಟ್ ವಿಷಯ ನಿಮಗೆ ಚೆನ್ನಾಗಿ ಅರ್ಥವಾಗುತ್ತದೆ, ಇಂಜಿನಿಯರ್ ತಾನೇ. ಈ ಪರೀಕ್ಷೆಗೆ ಥರ್ಮೋಲ್ಯೂಮಿನಿಸೆನ್ಸ್ ಎನ್ನುತ್ತಾರೆ. ಮಣ್ಣಿನಲ್ಲಿರುವ ಬೆಣಚುಕಲ್ಲಿನಂಥ ಹರಳುಗಳು ಸುತ್ತಲಿನ ನೈಸರ್ಗಿಕ ವಿಕಿರಣವನ್ನು ವರ್ಷವರ್ಷವೂ ಒಂದಿಷ್ಟು ಕೂಡಿಟ್ಟುಕೊಳ್ಳುತ್ತವೆ. ಭಟ್ಟಿಯಲ್ಲಿ ಸುಟ್ಟಾಗ ಆ ಲೆಕ್ಕ ಪೂರ್ತಿ ಸೊನ್ನೆಯಾಗುತ್ತದೆ, ಅಲ್ಲಿಂದ ಹೊಸದಾಗಿ ಶುರು. ಪ್ರಯೋಗಾಲಯದಲ್ಲಿ ಆ ಮಣ್ಣಿನ ಪುಡಿಯನ್ನು ಮತ್ತೆ ಬಿಸಿ ಮಾಡಿದರೆ ಕೂಡಿಟ್ಟದ್ದು ಬೆಳಕಾಗಿ ಹೊರಬರುತ್ತದೆ. ಎಷ್ಟು ಬೆಳಕೋ ಅಷ್ಟು ವರ್ಷ. 1960ರ ದಶಕದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಈ ವಿಧಾನ ಚೆನ್ನಾಗಿ ಬೆಳೆಯಿತು. ಮೂರ್ತಿಗಳ ವಿಷಯದಲ್ಲಿ ಶೇ 20ರಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಹಾಗಿದ್ದರೂ 1,200 ವರ್ಷದ್ದೋ ಹೋದ ವರ್ಷದ್ದೋ ಎಂದು ಹೇಳಲು ಅದು ಧಾರಾಳವಾಗಿ ಸಾಕು.

ಮೋಸ ನಡೆಯುವುದು ಬೇರೆ ಕಡೆ. ಪುಡಿಯನ್ನು ಒಂದೆರಡು ಜಾಗದಿಂದ ಕೊರೆದು ತೆಗೆಯುತ್ತಾರೆ. ಹಳೇ ಸಮಾಧಿಯ ಒಡಕು ಚೂರುಗಳನ್ನು ಪೀಠಕ್ಕೋ ಹೊಟ್ಟೆಗೋ ಸೇರಿಸಿ ಉಳಿದದ್ದನ್ನು ಹೊಸದಾಗಿ ಕಟ್ಟಿದರೆ, ಕೊರೆದ ಜಾಗ ಹಳೆಯದೇ ಆಗಿರುತ್ತದೆ. ಪರೀಕ್ಷೆ ನಿಜ, ಕುದುರೆ ಸುಳ್ಳು. ಕೃತಕ ವಿಕಿರಣ ಕೊಟ್ಟು ವಯಸ್ಸು ಏರಿಸುವವರೂ ಇದ್ದಾರೆ. ಹೋಗಲಿ, ಇಷ್ಟೆಲ್ಲ ಕಷ್ಟ ಯಾಕೆ, ಬೇರೆ ಕುದುರೆಯ ಸರ್ಟಿಫಿಕೇಟನ್ನು ಈ ಕುದುರೆಯ ಕೊರಳಿಗೆ ಕಟ್ಟಿದರಾಯಿತು! ಅದಕ್ಕೇ ಕಾಗದ ಕೈಗೆ ಬಂದರೆ ಅದರಲ್ಲಿ ಕುದುರೆಯ ಫೋಟೋ ಇದೆಯಾ, ಎಲ್ಲೆಲ್ಲಿ ಕೊರೆದರು ಎಂದು ತೋರಿಸಿದ್ದಾರಾ, ಆ ತೂತುಗಳು ನಿಮ್ಮ ಮುಂದಿರುವ ಕುದುರೆಯಲ್ಲಿ ಅದೇ ಜಾಗದಲ್ಲಿವೆಯಾ ಎಂದು ನೋಡಿ. ಆಮೇಲೆ ಪ್ರಯೋಗಾಲಯಕ್ಕೇ ಬರೆದು ಆ ನಂಬರಿನ ವರದಿ ತಾವು ಕೊಟ್ಟದ್ದೇ ಎಂದು ಕೇಳಿ. ವ್ಯಾಪಾರಿ ಇದಕ್ಕೆ ಮುಖ ಗಂಟು ಹಾಕಿದರೆ ನಿಮಗೆ ಉತ್ತರ ಸಿಕ್ಕಿತು.

ಹೀಗೆ ಬುದ್ಧಿ ಹೇಳುವ ನಾನೇ ಇಪ್ಪತ್ತೈದು ವರ್ಷದ ಹಿಂದೆ ಒಬ್ಬ ವ್ಯಾಪಾರಿಯಿಂದ ‘ಸಮಾಧಿಯ ಮಣ್ಣು ಇನ್ನೂ ಅಂಟಿದೆ ನೋಡಿ’ ಎಂಬ ಮಾತಿಗೆ ಮರುಳಾಗಿ ಒಂದು ಪುಟ್ಟ ಕಾವಲುಗಾರನನ್ನು ಕೊಂಡೆ. ಎರಡು ತಿಂಗಳ ಸಂಬಳ. ಮನೆಗೆ ತಂದು ಒದ್ದೆ ಹತ್ತಿಯಲ್ಲಿ ಒರೆಸಿದರೆ ಸಮಾಧಿಯ ಮಣ್ಣು ಗೋಂದಿನ ವಾಸನೆ ಹೊಡೆಯಿತು. ಸಾವಿರ ವರ್ಷದ ಮಣ್ಣು ಮೂಲೆಗಳಲ್ಲಿ ಗಟ್ಟಿ ಕಚ್ಚಿಕೊಂಡಿರಬೇಕು, ಹೀಗೆ ಎಲ್ಲ ಕಡೆ ಸಮನಾಗಿ ಬಳಿದ ಹಾಗಲ್ಲ. ಅವನು ಈಗಲೂ ನನ್ನ ಮೇಜಿನ ಮೇಲೆ ಕಾಗದ ಹಾರದ ಹಾಗೆ ಕಾವಲು ಕಾಯುತ್ತಿದ್ದಾನೆ.

ಕಾನೂನಿನ ಮಾತೂ ಇದೆ. ನಮ್ಮ 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ 100 ವರ್ಷ ದಾಟಿದ ಕಲಾವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ದೇಶದಿಂದ ಹೊರಗೆ ಕಳಿಸುವಂತಿಲ್ಲ. ತಾಂಗ್ ಕುದುರೆ ಎಂದು ಬಾಯಲ್ಲಿ ಹೇಳುವವರು ಲೈಸೆನ್ಸ್ ತೋರಿಸಲಿ. ಒಂದೋ ಕುದುರೆ ಹೊಸದು, ಇಲ್ಲ ವ್ಯಾಪಾರ ತಪ್ಪು.

ಪ್ರಶ್ನೆ: ಹೋಟೆಲ್ ಗಲ್ಲಾದ ಹತ್ತಿರ ಇಡುವ ನಗುವ ಬುದ್ಧ ನಿಜವಾಗಿ ಬುದ್ಧನೇ? (ಕಾಲೇಜು ವಿದ್ಯಾರ್ಥಿ, ನಾಗಮಂಗಲ)

ಉತ್ತರ: ಅಲ್ಲ. ಚೈನಾದ ಬುದಾಯ್ ಎಂಬ ಸನ್ಯಾಸಿ. ಹೆಸರಿನ ಅರ್ಥವೇ ಬಟ್ಟೆಯ ಚೀಲ. ಮೇಲುಕೋಟೆ ಟೀಚರ್ ದೋಣಿಯ ಹೊತೆಯಿಯೂ ಇವನೇ. ಗಲ್ಲಾದ್ದು ಬಹುಪಾಲು ರಾಳದ್ದು (ರೆಸಿನ್), ಪಿಂಗಾಣಿಯಲ್ಲ. ಕೆನ್ನೆಗೆ ಸೋಕಿಸಿ ನೋಡಿ. ಪಿಂಗಾಣಿ ತಣ್ಣಗಿರುತ್ತದೆ, ರಾಳ ಇರುವುದಿಲ್ಲ.

ಪ್ರಶ್ನೆ: ಅಮ್ಮನ ಮನೆಯಿಂದ ಬಂದ ಒಂದು ಹಳದಿ ಮಿಶ್ರಿತ ಮೂರ್ತಿ, ಮೈಯೆಲ್ಲ ಕೂದಲೆಳೆಯಂಥ ಬಿರುಕು, ಚಿನ್ನದ ಗೆರೆಗಳ ಅಲಂಕಾರ. ತಳದಲ್ಲಿ ವೃತ್ತದೊಳಗೆ ಕೂಡಿಸುವ ಚಿಹ್ನೆ. ತುಂಬಾ ಕೊಳೆಯಾಗಿದೆ, ತೊಳೆಯಬಹುದಾ? ಕುತ್ತಿಗೆ ಹತ್ತಿರ ಅಂಟಿಸಿದ್ದಾರೋ ಏನೋ ಎಂಬ ಅನುಮಾನವೂ ಇದೆ. (ಓದುಗರು, ಲಕ್ಷ್ಮೀಪುರಂ, ಮೈಸೂರು)

ಉತ್ತರ: ದಯವಿಟ್ಟು ತೊಳೆಯಬೇಡಿ. ನಿಮ್ಮದು ಜಪಾನಿನ ಸತ್ಸುಮಾ ಬಗೆ. ವೃತ್ತದೊಳಗಿನ ಚಿಹ್ನೆ ಸತ್ಸುಮಾ ಸೀಮೆಯನ್ನು ಆಳಿದ ಶಿಮಾಜು ಮನೆತನದ ಲಾಂಛನ. ಅದಿದ್ದ ಮಾತ್ರಕ್ಕೆ ಆ ಸೀಮೆಯದ್ದೇ ಎಂದಾಗಲಿಲ್ಲ, ರಫ್ತಿಗೆ ಎಂದು ಬೇರೆ ಊರುಗಳಲ್ಲಿ ಮಾಡಿದ್ದಕ್ಕೂ ಹಾಕಿದರು. ಇಂಥವು ಜಾಸ್ತಿ ತಯಾರಾದದ್ದು 1868ರಿಂದ ಶುರುವಾದ ಮೇಜಿ ಕಾಲದಲ್ಲಿ ಮತ್ತು ಆಮೇಲೆ.

ಕೂದಲೆಳೆ ಬಿರುಕು ದೋಷವಲ್ಲ, ಮೆರುಗಿನ ಗುಣವೇ ಅದು. ಆದರೆ ನೀರಲ್ಲಿ ನೆನೆಸಿದರೆ ಕೊಳೆ ಆ ಬಿರುಕುಗಳ ಒಳಗೆ ಇಳಿದು ಕೂತುಬಿಡುತ್ತದೆ, ಆಮೇಲೆ ಯಾವ ಜನ್ಮಕ್ಕೂ ಬರುವುದಿಲ್ಲ. ಚಿನ್ನ ಇನ್ನೂ ನಾಜೂಕು. ನನ್ನ ಅಜ್ಜಿಯ ಹತ್ತಿರ ಹೀಗೇ ಒಬ್ಬ ಮುದುಕ ಇದ್ದ. ನನಗೆ ಹದಿಮೂರು ವರ್ಷ. ಹಬ್ಬಕ್ಕೆ ಎಲ್ಲ ಫಳಫಳ ಅನ್ನಲಿ ಎಂದು ಹಿತ್ತಾಳೆ ದೀಪಗಳ ಜೊತೆ ಅವನನ್ನೂ ಹುಣಸೆಹಣ್ಣು, ಪಾತ್ರೆ ಪುಡಿ ಹಾಕಿ ತಿಕ್ಕಿದೆ. ಚಿನ್ನದ ಅಂಗಿ ಹೋಗಿ ಬರೀ ಮೈ ಉಳಿಯಿತು. ಅಜ್ಜಿ ಬೈಯಲಿಲ್ಲ, ಆ ವರ್ಷ ಅವನಿಗೊಂದು ರೇಷ್ಮೆ ಚೂರು ಸುತ್ತಿ ಕೂರಿಸಿದರು. ಇವತ್ತಿಗೂ ದಸರಾ ಬಂದರೆ ನನ್ನ ಕೈ ಬೆರಳು ಜುಮ್ಮೆನ್ನುತ್ತದೆ. ನೀವು ಮೆತ್ತನೆ ಬ್ರಷ್‌ನಿಂದ ಧೂಳು ಕೊಡವಿ, ಅಷ್ಟು ಸಾಕು.

ಕುತ್ತಿಗೆಯ ಅನುಮಾನಕ್ಕೆ ಸುಲಭದ ದಾರಿ ಇದೆ. ನೋಟು ಅಸಲಿಯೇ ಎಂದು ನೋಡಲು ಅಂಗಡಿಗಳಲ್ಲಿ ನೇರಳೆ ದೀಪ ಇಟ್ಟಿರುತ್ತಾರಲ್ಲ, ಅಂಥದ್ದೊಂದನ್ನು ತಂದು ಕತ್ತಲ ಕೋಣೆಯಲ್ಲಿ ಮೂರ್ತಿಯ ಮೇಲೆ ಬಿಡಿ. ಅಂಟು, ಮೇಲೆ ಬಳಿದ ಬಣ್ಣ ಬಹಳ ಸಲ ಮೆರುಗಿಗಿಂತ ಬೇರೆಯಾಗಿ ಹೊಳೆಯುತ್ತವೆ, ಜೋಡಿಸಿದ ಗೆರೆ ಎದ್ದು ಕಾಣುತ್ತದೆ. ಹೊಳೆಯದ ಅಂಟುಗಳೂ ಇವೆ. ಅದಕ್ಕೆ ಉಗುರಿನ ತುದಿಯಲ್ಲಿ ಮೆಲ್ಲಗೆ ತಟ್ಟಿ ಕೇಳಿ, ಸರಿಯಿದ್ದ ಜಾಗದ ಸದ್ದಿಗಿಂತ ಅಂಟಿಸಿದ ಜಾಗದ್ದು ಮಂಕು. ಅಂಟಿಸಿದ್ದು ಗೊತ್ತಾದರೆ ಕುತ್ತಿಗೆ ಹಿಡಿದು ಎತ್ತುವ ಅಭ್ಯಾಸ ಇವತ್ತೇ ಬಿಡಿ, ಎರಡೂ ಕೈ ತಳಕ್ಕೆ ಕೊಡಿ.

ಎತ್ತಿಡುವಾಗ ಹಳೇ ಪೇಪರು ಬೇಡ. ಶಾಯಿ ಬಿರುಕಿಗೆ ಹತ್ತುತ್ತದೆ. ಒಗೆದು ಒಣಗಿಸಿದ ಪಂಚೆ ಚೂರು ಸುತ್ತಿ, ತಲೆ ಮೇಲಾಗಿ ನಿಲ್ಲಿಸಿ. ಒಂದು ಚೀಟಿಯಲ್ಲಿ ಅಮ್ಮನ ಮನೆ ಯಾವ ಊರು, ಮೂರ್ತಿ ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಪೆನ್ಸಿಲಿನಲ್ಲಿ ಬರೆದು ನೂಲಿನಿಂದ ಕಟ್ಟಿ. ಕಟ್ಟುವ ಮೊದಲು ತಳದ ಒಂದು ಫೋಟೋ ನನಗೆ ಕಳಿಸಿ, ಫ್ಲ್ಯಾಷ್ ಹಾಕದೆ, ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಹಾಗೆ. ವೃತ್ತದ ಕೆಳಗೆ ಇನ್ನೆರಡು ಅಕ್ಷರ ಇರುವ ಹಾಗೆ ಕಾಣುತ್ತಿದೆ.